ತಪ್ಪಿದ್ದು ತಂತ್ರಾಂಶವೋ, ಕಚೇರಿಯೋ?

ಸಂಸ್ಥೆಗಳು ಕೈಗೆತ್ತಿಕೊಳ್ಳುವ ಮಾಹಿತಿ ತಂತ್ರಜ್ಞಾನ ಯೋಜನೆಗಳು ಹಲವು ಬಗೆಯಲ್ಲಿ ಸೋಲುತ್ತವೆ. ಕೆಲವು ಅರ್ಧದಲ್ಲೇ ನಿಂತುಹೋಗುತ್ತವೆ. ಕೆಲವು ಅಂದಾಜಿನ ಹಣವನ್ನೂ ಕಾಲವನ್ನೂ ಎಷ್ಟೋ ಪಟ್ಟು ನುಂಗಿದ ಮೇಲೆ ಮುಗಿಯುತ್ತವೆ. ಹೊತ್ತಿಗೆ ಸರಿಯಾಗಿ ಮುಗಿದು, ಉದ್ಘಾಟನೆಯೂ ಆಗಿ, ಬಳಸುವವರಿಲ್ಲದೆ ಮೂಲೆ ಸೇರುವವೂ ಉಂಟು. ಬೆಂಟ್ ಫ್ಲೂಬ್ಯೆರ್ಗ್ ಮತ್ತು ಅಲೆಕ್ಸಾಂಡರ್ ಬುಡ್ಜಿಯರ್ ಎಂಬ ಸಂಶೋಧಕರು 2011ರಲ್ಲಿ 1,471 ಯೋಜನೆಗಳ ಲೆಕ್ಕ ಪ್ರಕಟಿಸಿದರು. ಅಂದಾಜು ಮೀರಿದ ವೆಚ್ಚ ಸರಾಸರಿ ಶೇ. 27. ಆದರೆ ಆರರಲ್ಲಿ ಒಂದು ಯೋಜನೆಯಲ್ಲಿ ಆ ಮೀರಿಕೆ ಸರಾಸರಿ ಶೇ. 200 ಮುಟ್ಟಿತ್ತು, ಕಾಲವೂ ಶೇ. 70ರ ಹತ್ತಿರ ಹೆಚ್ಚಾಗಿತ್ತು. ಸರಾಸರಿಯನ್ನಷ್ಟೇ ನೋಡಿದವರಿಗೆ ಗಾಬರಿಯಾಗುವುದಿಲ್ಲ. ಸಂಸ್ಥೆಯನ್ನು ಅಲುಗಾಡಿಸುವುದು ಆ ಆರರಲ್ಲಿ ಒಂದು.

ಸೋಲಿನ ಬೇರು ಎಲ್ಲಿದೆ ಎಂಬುದರಲ್ಲಿ ಎರಡು ಪಕ್ಷಗಳಿವೆ. ತಂತ್ರಾಂಶ ಮಾಡುವವರಿಗೆ ಕೆಲಸ ಗೊತ್ತಿಲ್ಲ ಎನ್ನುವುದು ಒಂದು, ಅದನ್ನು ಮಾಡಿಸುವ ಸಂಸ್ಥೆಗೇ ತನ್ನ ಕೆಲಸ ಗೊತ್ತಿಲ್ಲ ಎನ್ನುವುದು ಇನ್ನೊಂದು. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರು. ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಬಂದದ್ದನ್ನು ಒಳಗಿನಿಂದ ಕಂಡವರು. ಇನ್ನೊಬ್ಬರು ಸಂಸ್ಥೆಗಳಿಗೆ ತಂತ್ರಾಂಶ ಮಾಡಿಕೊಡುವ ಯೋಜನೆಗಳನ್ನು ನಡೆಸುವ ಎಂಜಿನಿಯರ್, ವಯಸ್ಸಿನಲ್ಲಿ ಕಿರಿಯಳು.

ಹಿರಿಯರು: ನೋಡಮ್ಮ, ನಿಮ್ಮವರು ಕಚೇರಿಗೆ ಬಂದ ದಿನ ಮೊದಲು ಕೇಳೋದು "ನಿಮಗೆ ಏನೇನು ಬೇಕು" ಅಂತ. ಹಾಗೆ ಕೇಳಿದರೆ ಸಾಹೇಬರು ತಮಗೆ ಬೇಕಾದ ವರದಿಗಳನ್ನು ಹೇಳ್ತಾರೆ. ದಿನಾ ಕೌಂಟರಿನಲ್ಲಿ ಕೂರುವವನು ಏನು ಮಾಡ್ತಾನೆ, ಯಾವ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಯಾರೂ ಕೇಳಲ್ಲ. ಕೊನೆಗೆ ವರದಿ ಚೆನ್ನಾಗಿ ಬರುತ್ತೆ, ಕೌಂಟರಿನ ಮುಂದೆ ಜನ ಸಾಲಿನಲ್ಲಿ ನಿಂತೇ ಇರ್ತಾರೆ.

ಕಿರಿಯಳು: ಕೌಂಟರಿನವರನ್ನೂ ಕೇಳ್ತೀವಿ ಸರ್. ಒಂದೇ ಕೆಲಸವನ್ನು ಮೂರು ಜನ ಮೂರು ಥರ ಹೇಳ್ತಾರೆ. ನಿಯಮದ ಪುಸ್ತಕದಲ್ಲಿ ನಾಲ್ಕನೇ ಥರ ಇರುತ್ತೆ. ಇವುಗಳಲ್ಲಿ ಯಾವುದು ಸರಿ ಅಂತ ತೀರ್ಮಾನ ಮಾಡಬೇಕಾದವರು ನಾವಲ್ಲ. ಆ ಪ್ರಶ್ನೆಯನ್ನು ಮೇಲಕ್ಕೆ ಕಳಿಸಿದರೆ "ನೀವೇ ಏನಾದರೂ ಮಾಡಿ, ಬೇಗ ಮುಗಿಸಿ" ಅಂತ ಉತ್ತರ ಬರುತ್ತೆ. ಆಗ ಇಪ್ಪತ್ತೈದು ವಯಸ್ಸಿನ ಹುಡುಗನೊಬ್ಬ ಇಲಾಖೆಯ ನೀತಿಯನ್ನು ಕೋಡಿನಲ್ಲಿ ಬರೆದುಬಿಡ್ತಾನೆ. ಅವನಿಗೆ ತಾನು ನೀತಿ ಬರೀತಿದ್ದೀನಿ ಅಂತಲೂ ಗೊತ್ತಿರಲ್ಲ.

ಹಿರಿಯರು: ಅಂದರೆ ತಪ್ಪು ನಮ್ಮದೇ ಅಂತೀರಾ?

ಕಿರಿಯಳು: ಪೂರ್ತಿ ಅಲ್ಲ. ಒಂದು ಪ್ರಕರಣ ಹೇಳ್ತೀನಿ. ಅದರಲ್ಲಿ ಎರಡೂ ಕಡೆಯ ತಪ್ಪು ಬಿಡಿಬಿಡಿಯಾಗಿ ಕಾಣುತ್ತೆ. ಲಂಡನ್ ಆಂಬುಲೆನ್ಸ್ ಸೇವೆ, 1992.

ಈ ಪ್ರಕರಣ ಮೂವತ್ತು ವರ್ಷ ಹಳೆಯದಾದರೂ ತಂತ್ರಾಂಶ ಎಂಜಿನಿಯರಿಂಗ್ ಪಾಠಗಳಲ್ಲಿ ಇಂದಿಗೂ ಉಳಿದಿದೆ. ಇದರ ಬಗ್ಗೆ ವಿಚಾರಣೆ ನಡೆದು, 1993ರ ಫೆಬ್ರವರಿಯಲ್ಲಿ ವರದಿ ಹೊರಬಂತು. ಆ ಸೇವೆ ಆಗ ಸುಮಾರು 68 ಲಕ್ಷ ಜನರಿರುವ ನಗರಕ್ಕೆ ದಿನಕ್ಕೆ 2,000ಕ್ಕೂ ಹೆಚ್ಚು ಕರೆಗಳನ್ನು ನಿಭಾಯಿಸುತ್ತಿತ್ತು. ಹಳೆಯ ಪದ್ಧತಿ ಕಾಗದದ್ದು. ಕರೆ ತೆಗೆದುಕೊಂಡವರು ವಿವರವನ್ನು ಒಂದು ಚೀಟಿಯಲ್ಲಿ ಬರೆದು, ನಕ್ಷೆ ಪುಸ್ತಕದಲ್ಲಿ ಜಾಗ ಹುಡುಕಿ, ಚೀಟಿಯನ್ನು ಕನ್ವೇಯರ್ ಬೆಲ್ಟಿಗೆ ಹಾಕುತ್ತಿದ್ದರು. ಆಚೆ ತುದಿಯಲ್ಲಿ ಚೀಟಿಗಳನ್ನು ಪ್ರದೇಶವಾರು ವಿಂಗಡಿಸುತ್ತಿದ್ದರು. ಒಂದೇ ಅಪಘಾತಕ್ಕೆ ನಾಲ್ಕು ಕರೆ ಬಂದಿದ್ದರೆ ಗುರುತಿಸಿ ಒಂದಾಗಿಸುತ್ತಿದ್ದರು. ಯಾವ ಗಾಡಿ ಎಲ್ಲಿದೆ ಎಂಬ ಅಂದಾಜು ಹಂಚುವವರ ತಲೆಯಲ್ಲೇ ಇರುತ್ತಿತ್ತು. ಇಷ್ಟೆಲ್ಲ ಮೂರು ನಿಮಿಷದೊಳಗೆ ಆಗಬೇಕಿತ್ತು.

ಕಿರಿಯಳು: ಅದನ್ನೆಲ್ಲ ಒಂದೇ ಏಟಿಗೆ ಕಂಪ್ಯೂಟರಿಗೆ ವಹಿಸಬೇಕು ಅಂತ ಆಡಳಿತ ನಿರ್ಧರಿಸಿತು. ಅದಕ್ಕೂ ಮೊದಲಿನ ಒಂದು ಪ್ರಯತ್ನವನ್ನು 75 ಲಕ್ಷ ಪೌಂಡ್ ಖರ್ಚಾದ ಮೇಲೆ 1990ರಲ್ಲಿ ಕೈಬಿಟ್ಟಿದ್ದರು. ಸಿದ್ಧ ತಂತ್ರಾಂಶ ಕೊಂಡರೆ 15 ಲಕ್ಷ ಪೌಂಡ್, 19 ತಿಂಗಳು ಬೇಕು, ಹೊಸದಾಗಿ ಮಾಡಿಸಿದರೆ ಇನ್ನೂ ಹೆಚ್ಚು ಅಂತ ಸಲಹೆಗಾರರು ಹೇಳಿದ್ದರು. ಕಚೇರಿ ಆ ಹಣದ ಸಂಖ್ಯೆಯನ್ನು ಹಿಡಿದುಕೊಂಡಿತು, ಸಿದ್ಧ ತಂತ್ರಾಂಶ ಅನ್ನೋ ಷರತ್ತನ್ನು ಬಿಟ್ಟಿತು. 1991ರ ಫೆಬ್ರವರಿಯಲ್ಲಿ ಟೆಂಡರ್, 1992ರ ಜನವರಿ 8ಕ್ಕೆ ಪೂರ್ತಿ ವ್ಯವಸ್ಥೆ ಚಾಲನೆ ಅಂತ ದಿನ ಗೊತ್ತಾಯಿತು. 10 ಲಕ್ಷ ಪೌಂಡಿಗೂ ಕಡಿಮೆ ಕೂಗಿದವರಿಗೆ ಗುತ್ತಿಗೆ ಸಿಕ್ಕಿತು. ತಂತ್ರಾಂಶ ಬರೆಯಬೇಕಿದ್ದದ್ದು ಚಿಕ್ಕ ಕಂಪನಿ, ಆಂಬುಲೆನ್ಸ್ ಕಳಿಸುವ ಕೆಲಸದ ಅನುಭವ ಅವರಿಗೆ ಇರಲಿಲ್ಲ.

ಹಿರಿಯರು: ಕಡಿಮೆ ದರಕ್ಕೆ ಕೊಡದಿದ್ದರೆ ಆಡಿಟ್ ಆಕ್ಷೇಪಣೆ ಬರುತ್ತೆ. ಅದು ಲಂಡನ್ನಿನಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಅತಿ ಕಡಿಮೆ ಕೂಗಿದ ಎಲ್-1 ಬಿಟ್ಟು ಎಲ್-2ಗೆ ಕೊಟ್ಟ ಅಧಿಕಾರಿ ನಿವೃತ್ತಿಯಾದ ಮೇಲೂ ವಿವರಣೆ ಕೊಡ್ತಾ ಇರಬೇಕು. ಆದರೆ ನಿಮ್ಮ ಕಡೆಯದನ್ನೂ ಹೇಳಿ. ಅಷ್ಟು ದುಡ್ಡಿಗೆ, ಅಷ್ಟು ದಿನಕ್ಕೆ ಆಗಲ್ಲ ಅಂತ ಆ ಕಂಪನಿಗೆ ಗೊತ್ತಿರಲಿಲ್ವೇ? ಗೊತ್ತಿದ್ದೂ ಯಾಕೆ ಕೂಗಿದರು?

ಕಿರಿಯಳು: ಗೊತ್ತಿರಬೇಕಿತ್ತು. ಟೆಂಡರಿಗೆ ದರ ಹಾಕುವವರು ಒಬ್ಬರು, ಆಮೇಲೆ ಕೆಲಸ ಮಾಡುವವರು ಇನ್ನೊಬ್ಬರು ಸರ್. ಮೊದಲಿನವರಿಗೆ ಗುತ್ತಿಗೆ ಸಿಕ್ಕಿದ್ದಕ್ಕೆ ಮೆಚ್ಚುಗೆ ಸಿಗುತ್ತೆ. ಅಲ್ಲಿಂದ ಮುಂದೆ ಬದಲಾವಣೆ ಅರ್ಜಿಗಳಲ್ಲಿ ದುಡ್ಡು ಹುಟ್ಟಿಸೋಣ ಅನ್ನುವ ಲೆಕ್ಕಾಚಾರ ಈಗಲೂ ನಡೆಯುತ್ತೆ. ನಮ್ಮ ವೃತ್ತಿಯ ಈ ಪಾಲನ್ನು ನಾನು ಸಮರ್ಥಿಸಲ್ಲ.

ಜನವರಿಯ ದಿನ ತಪ್ಪಿತು. ವ್ಯವಸ್ಥೆ ಚಾಲನೆಗೆ ಬಂದದ್ದು 1992ರ ಅಕ್ಟೋಬರ್ 26ರಂದು. ಆ ಹೊತ್ತಿಗೆ ಗೊತ್ತಿದ್ದ ದೋಷಗಳೇ 81 ಬಾಕಿ ಇದ್ದವು. ಸಿಬ್ಬಂದಿಗೆ ತರಬೇತಿ ಬಹಳ ಮುಂಚೆಯೇ ಮುಗಿದು, ಕಲಿತದ್ದು ಮಸುಕಾಗಿತ್ತು. ಅದರ ಜೊತೆಗೆ ನಿಯಂತ್ರಣ ಕೊಠಡಿಯ ಮೇಜುಗಳ ಜೋಡಣೆಯನ್ನೂ ಬದಲಾಯಿಸಿದ್ದರು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಒಬ್ಬರಿಗೊಬ್ಬರು ಕೂಗಿ ಕೇಳಿ ಕೆಲಸ ಮಾಡುತ್ತಿದ್ದವರು ಅಂದು ದೂರ ದೂರ ಕೂತಿದ್ದರು. ಕೈಯಲ್ಲಿ ಚೀಟಿ ಇರಲಿಲ್ಲ.

ಹಿರಿಯರು: ಆ ಮೇಜಿನ ವಿಷಯ ನನಗೆ ದೊಡ್ಡದಾಗಿ ಕಾಣುತ್ತಮ್ಮ. ಕಚೇರಿಯ ಅರ್ಧ ಜ್ಞಾನ ಪಕ್ಕದ ಕುರ್ಚಿಯಲ್ಲಿ ಇರುತ್ತೆ. "ಈ ಸರ್ವೆ ನಂಬರಿನದು ಹಿಂದೆ ಒಂದು ತಕರಾರಿತ್ತು ಅಲ್ವೇನ್ರೀ" ಅಂದರೆ ಸಾಕು, ಪಕ್ಕದವರು ಕಡತ ತೆಗೀತಿದ್ದರು. ನಿಮ್ಮ ಪಟ್ಟಿಯಲ್ಲಿ ಈ ಮಾತಿಗೆ ಕಾಲಂ ಇಲ್ಲ.

ಕಿರಿಯಳು: ಇಲ್ಲ. ಆ ದಿನ ಲಂಡನ್ನಿನಲ್ಲಿ ಆದದ್ದೂ ಅದೇ. ಗಾಡಿ ಎಲ್ಲಿದೆ ಅಂತ ಕಂಪ್ಯೂಟರಿಗೆ ಸರಿಯಾಗಿ ಗೊತ್ತಾಗ್ತಾ ಇರಲಿಲ್ಲ. ಗಾಡಿಯವರು ಒತ್ತಬೇಕಾದ ಗುಂಡಿಯನ್ನು ಒತ್ತುತ್ತಿರಲಿಲ್ಲ, ಅಥವಾ ಒತ್ತಿದ್ದು ರೇಡಿಯೊ ಸಂಪರ್ಕ ಸರಿಯಿಲ್ಲದೆ ತಲುಪುತ್ತಿರಲಿಲ್ಲ. ತಪ್ಪು ಮಾಹಿತಿ ಇಟ್ಟುಕೊಂಡು ತಪ್ಪು ಗಾಡಿ ಹೋಯಿತು, ಒಂದೇ ಕಡೆಗೆ ಎರಡು ಗಾಡಿ ಹೋದವು. ಹಾಗಾದಾಗಲೆಲ್ಲ ವ್ಯವಸ್ಥೆ ಒಂದು ಎಚ್ಚರಿಕೆ ಸಂದೇಶ ಹಾಕ್ತಿತ್ತು. ಸಂದೇಶಗಳ ಪಟ್ಟಿ ಬೆಳೆದು ಪರದೆಯ ಮೇಲ್ತುದಿ ದಾಟಿ ಕಾಣದಾಯಿತು. ಕಾಣದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಉತ್ತರ ಕೊಡದ್ದಕ್ಕೆ ಮತ್ತೆ ಸಂದೇಶ ಹುಟ್ಟಿತು. ಅಷ್ಟರಲ್ಲಿ ಆಂಬುಲೆನ್ಸ್ ಬಾರದೆ ಕಾದವರು ಮತ್ತೆ ಮತ್ತೆ ಫೋನ್ ಮಾಡಿದರು, ಅವೂ ಹೊಸ ಕರೆಗಳಾಗಿ ಒಳಗೆ ಬಂದವು. ಮಾರನೇ ದಿನ ಮಧ್ಯಾಹ್ನ ಅರ್ಧ ಹಳೆಯ ಪದ್ಧತಿಗೆ ಮರಳಿದರು.

ಹಿರಿಯರು: ಕಂಪ್ಯೂಟರ್ ಕೆಟ್ಟಿತ್ತೇ?

ಕಿರಿಯಳು: ಆ ಎರಡು ದಿನ ಕೆಟ್ಟಿರಲಿಲ್ಲ. ತಾಂತ್ರಿಕ ಅರ್ಥದಲ್ಲಿ ಅದು ವಿಫಲವಾಗಿರಲಿಲ್ಲ, ಹೇಗೆ ವಿನ್ಯಾಸವಾಗಿತ್ತೋ ಹಾಗೇ ನಡೀತು ಅಂತ ವಿಚಾರಣೆಯವರು ಬರೆದರು. ವಿನ್ಯಾಸದಲ್ಲೇ ಮಾರಕ ದೋಷಗಳಿದ್ದವು. ನಿಜವಾಗಿ ಕೆಟ್ಟು ನಿಂತದ್ದು ನವೆಂಬರ್ 4ರ ಬೆಳಗಿನ ಜಾವ. ಸುಮಾರು ಮೂರು ವಾರ ಹಿಂದೆ ಯಾರೋ ಬರೆದು ಮರೆತಿದ್ದ ಒಂದು ತುಂಡು ಕೋಡ್, ಗಾಡಿ ಕಳಿಸಿದಾಗಲೆಲ್ಲ ಸರ್ವರಿನ ಸ್ವಲ್ಪ ಮೆಮೊರಿ ಹಿಡಿದುಕೊಂಡು ಬಿಡ್ತಾ ಇರಲಿಲ್ಲ. ತುಂಬಿದ ದಿನ ಎಲ್ಲ ನಿಂತಿತು. ಅದು ಅಪ್ಪಟ ನಮ್ಮ ತಪ್ಪು. ಕಾಗದಕ್ಕೆ ಮರಳಿ ಕೆಲಸ ನಡೆಸಿದರು.

ಹಿರಿಯರು: ಅಂದರೆ ಎಂಜಿನಿಯರಿನ ತಪ್ಪನ್ನು ಹುಡುಕಿ ಸರಿ ಮಾಡಬಹುದಿತ್ತು. ಆಡಳಿತ ಮಾಡಿದ್ದನ್ನು ಸರಿ ಮಾಡೋಕೆ ಆಗಲಿಲ್ಲ ಅಂತ ನಿಮ್ಮ ಅಭಿಪ್ರಾಯ.

ಕಿರಿಯಳು: ಹೌದು ಅಂತ ಹೇಳೋಕೆ ಆಸೆಯಾಗುತ್ತೆ ಸರ್. ಆದರೆ ಅದೇ ಸೇವೆ ಮತ್ತೆ ಕಟ್ಟಿ 1996ರಲ್ಲಿ ಗೆದ್ದಿತು. ಹೊಸ ಆಡಳಿತ ಸಿಬ್ಬಂದಿಯನ್ನು ಕೂರಿಸಿಕೊಂಡು ವಿನ್ಯಾಸ ಮಾಡಿತು. ಮೊದಲು ಕರೆ ಬರೆದುಕೊಳ್ಳುವ ಭಾಗ ಮಾತ್ರ. ಅದು ಕೈಗೆ ಕೂತ ಮೇಲೆ ಮುಂದಿನದು. ಊರು ಅದೇ, ಕೆಲಸವೂ ಅದೇ.

ಕಾಲಮಿತಿಯ ಒತ್ತಡದ ಬಗ್ಗೆ ತಂತ್ರಾಂಶ ಜಗತ್ತಿನಲ್ಲಿ ಬಹಳ ಜನ ಓದಿದ ಪುಸ್ತಕ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಬರೆದದ್ದು. ಐಬಿಎಂನ ಓಎಸ್/360 ಯೋಜನೆಯನ್ನು ನಡೆಸಿದವರು ಅವರು. ತಡವಾದ ಯೋಜನೆಗೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಅವರು ಕಂಡುಕೊಂಡರು: ಹೊಸಬರಿಗೆ ಹೇಳಿಕೊಡಲು ಹಳಬರ ಹೊತ್ತು ಹೋಗುತ್ತದೆ, ಪರಸ್ಪರ ಮಾತಾಡಬೇಕಾದ ಜೋಡಿಗಳು ತಲೆ ಎಣಿಕೆಗಿಂತ ವೇಗವಾಗಿ ಹೆಚ್ಚುತ್ತವೆ. ಐವತ್ತು ವರ್ಷದಿಂದ ಈ ಮಾತು ಎಲ್ಲರಿಗೂ ಗೊತ್ತು. ಹಾಗಿದ್ದೂ ತಡವಾದಾಗಲೆಲ್ಲ ಜನ ಸೇರಿಸುವುದು ನಿಂತಿಲ್ಲ.

ಕಿರಿಯಳು: ಯಾಕೆ ನಿಂತಿಲ್ಲ ಅಂದರೆ, ಜನ ಸೇರಿಸಿದ್ದು ಸಭೆಯಲ್ಲಿ ಹೇಳೋಕೆ ಬರುತ್ತೆ. ಕೆಲಸ ಕಡಿಮೆ ಮಾಡಿದೆವು, ಈ ಭಾಗ ಈ ವರ್ಷ ಬೇಡ ಅಂದೆವು ಅಂದರೆ ಸೋತ ಹಾಗೆ ಕೇಳಿಸುತ್ತೆ.

ಹಿರಿಯರು: ಇಲಾಖೆಯಲ್ಲಿ ದಿನಾಂಕ ಬರೋದು ಮೇಲಿನಿಂದ. ಬಜೆಟ್ ಭಾಷಣದಲ್ಲಿ ಬಂದ ಮೇಲೆ ಅದನ್ನು ಅಲುಗಾಡಿಸೋಕೆ ಆಗಲ್ಲ. ಆದರೆ ದಿನಾಂಕವೇ ಇಲ್ಲದಿದ್ದರೆ ನಿಮ್ಮವರು ಮುಗಿಸೋದೂ ಇಲ್ಲ. ಅದನ್ನೂ ನೋಡಿದ್ದೀನಿ.

ಕಿರಿಯಳು: ಅದು ನಿಜ. ಆದರೆ ಸಮಸ್ಯೆ ದಿನಾಂಕದ್ದು ಮಾತ್ರ ಅಲ್ಲ. ಅಮೆರಿಕದ ಎಫ್‌ಬಿಐ ಕಡತ ವ್ಯವಸ್ಥೆಗೆ 800ಕ್ಕೂ ಹೆಚ್ಚು ಪುಟದ ಬೇಡಿಕೆ ಪಟ್ಟಿ ಬರೆದರು. ಬರೀತಾ ಬರೀತಾನೇ ಬೇಡಿಕೆ ಬದಲಾಯಿತು. 17 ಕೋಟಿ ಡಾಲರ್ ಹೋದ ಮೇಲೆ 2005ರಲ್ಲಿ ಅದನ್ನು ಕೈಬಿಟ್ಟರು. ಬೇಕಾದ್ದೆಲ್ಲ ಮೊದಲೇ ಬರೆದು ಮುಗಿಸ್ತೀವಿ ಅನ್ನೋ ನಂಬಿಕೆಯೇ ಅಲ್ಲಿ ಸೋತದ್ದು.

ಕರ್ನಾಟಕದಲ್ಲಿ ಈ ಚರ್ಚೆಗೆ ತಕ್ಕ ಉದಾಹರಣೆ ಭೂ ದಾಖಲೆಗಳದು, ಏಕೆಂದರೆ ಒಂದೇ ಕೆಲಸಕ್ಕೆ ಎರಡು ಬಾರಿ ಕೈ ಹಾಕಲಾಯಿತು. ಕೇಂದ್ರದ ನೆರವಿನ ಮೊದಲ ಪ್ರಯತ್ನ 1991ರಲ್ಲಿ ಶುರುವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಎರಡನೆಯದು 'ಭೂಮಿ'. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಅದರಲ್ಲಿ ಕಂಪ್ಯೂಟರಿಗೆ ಬಂದವು.

ಹಿರಿಯರು: ಮೊದಲನೆಯದು ಯಾಕೆ ಕೆಲಸಕ್ಕೆ ಬರಲಿಲ್ಲ ಅಂದರೆ, ಕಂಪ್ಯೂಟರನ್ನು ತಾಲ್ಲೂಕಿನಲ್ಲಿ ಇಡೋಕೆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಪಹಣಿ ತಿದ್ದೋದು ತಾಲ್ಲೂಕಿನಲ್ಲಿ, ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆ, ಆಗೋದು ತಾಲ್ಲೂಕಿನಲ್ಲಿ. ಇವತ್ತು ದಾಖಲೆ ನಮೂದಿಸಿದರೆ ನಾಳೆ ಒಬ್ಬ ಜಮೀನು ಮಾರ್ತಾನೆ, ನಾಡಿದ್ದು ಇನ್ನೊಬ್ಬರ ಮನೆಯಲ್ಲಿ ಪಾಲಾಗುತ್ತೆ. ಕಾಗದ ಮುಂದೆ ಹೋಗುತ್ತೆ, ಕಂಪ್ಯೂಟರ್ ಹಿಂದೆ ಉಳಿಯುತ್ತೆ. ಕೆಲಸ ಎಲ್ಲಿ ನಡೆಯುತ್ತೆ ಅಂತ ನೋಡದೆ ಯಂತ್ರ ಇಟ್ಟರೆ ಇಷ್ಟೇ.

ಕಿರಿಯಳು: 'ಭೂಮಿ'ಯಲ್ಲಿ ಏನು ಬೇರೆ ಮಾಡಿದರು?

ಹಿರಿಯರು: ಯಂತ್ರ ತಾಲ್ಲೂಕು ಕಚೇರಿಗೇ ಬಂತು. ತಂತ್ರಾಂಶ ಮಾಡಿದ್ದು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯವರು. ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಪುಸ್ತಕ ನೋಡಿ ನಮೂದಿಸಿ, ಮುದ್ರಿಸಿ, ಅವರಿಂದಲೇ ಪರಿಶೀಲನೆ ಮಾಡಿಸಿದರು. ತಾಲ್ಲೂಕು ಚಾಲನೆಗೆ ಬಂದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆದೇಶವಾಯಿತು. ಅದೇ ಮುಖ್ಯ. ಕಾಗದ, ಕಂಪ್ಯೂಟರ್ ಎರಡೂ ನಡೆಯಲಿ ಅಂದಿದ್ದರೆ ಕಾಗದವೇ ಗೆಲ್ಲುತ್ತಿತ್ತು. ಮ್ಯುಟೇಷನ್ ಅರ್ಜಿ ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು, ಒಳಗೆ ಹೋಗೋಕೆ ಬೆರಳಚ್ಚು ಬೇಕು. ಆಮೇಲೆ "ನಾನು ಮಾಡಿದ್ದಲ್ಲ" ಅನ್ನೋ ಹಾಗಿಲ್ಲ. ಕೌಂಟರಿನಲ್ಲಿ ಎರಡನೇ ಪರದೆಯೊಂದನ್ನು ರೈತರ ಕಡೆಗೆ ತಿರುಗಿಸಿ ಇಟ್ಟರು. ಒಳಗಿನವನು ಏನು ಒತ್ತುತ್ತಾನೆ ಅಂತ ಹೊರಗಿನವನು ನೋಡಬಹುದಿತ್ತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರ್ತಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ವರ್ಷಗಟ್ಟಲೆ ಅದರ ಬೆನ್ನಿಗೆ ನಿಂತರು. ಆರು ತಿಂಗಳಿಗೆ ವರ್ಗವಾಗಿದ್ದರೆ ನಡೀತಿರಲಿಲ್ಲ.

ಕಿರಿಯಳು: ಅಂದರೆ ಗೆದ್ದದ್ದು ಆದೇಶದಿಂದ, ಒಬ್ಬ ಅಧಿಕಾರಿ ಕುರ್ಚಿಯಲ್ಲಿ ಉಳಿದದ್ದರಿಂದ. ಈಗ ನನ್ನ ಸರದಿ ಸರ್. ಗೆದ್ದಿತು ಅಂತ ಹೇಳ್ತಿರೋದು ಯಾರು? ಪಹಣಿ ಬೇಗ ಸಿಕ್ಕಿತು, ಒಪ್ಪಿದೆ. ಆದರೆ ಪುಸ್ತಕದಲ್ಲಿದ್ದ ತಪ್ಪೂ ಹಾಗೇ ಒಳಗೆ ಬಂತು. 3ನೇ ಕಾಲಂನ ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿ ಹೆಸರುಗಳ ಮುಂದಿರುವ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿ ಇಟ್ಟುಕೊಂಡು ರೈತರು ತಾಲ್ಲೂಕು ಕಚೇರಿಗೆ ಅಲೆದಿದ್ದಾರೆ. ಕಾಗದದ ಕಾಲದಲ್ಲಿ ಊರಿನವರಿಗೆ ಗೊತ್ತಿದ್ದು ನಡೆದುಹೋಗುತ್ತಿದ್ದ ತಪ್ಪು, ಕಂಪ್ಯೂಟರಿಗೆ ಬಂದ ಮೇಲೆ ಸಾಲಕ್ಕೂ ಮಾರಾಟಕ್ಕೂ ಅಡ್ಡ ನಿಂತಿತು. ಊರಿನಲ್ಲಿ ಗ್ರಾಮ ಲೆಕ್ಕಿಗರ ಹತ್ತಿರ ಆಗ್ತಿದ್ದ ಕೆಲಸಕ್ಕೆ ತಾಲ್ಲೂಕಿಗೆ ಬಸ್ ಹತ್ತಬೇಕಾಯಿತು. ದಾಖಲೆ ಒಂದೇ ಕಡೆ ಸಿಗೋದು ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತು ಅಂತ ಬೆಂಗಳೂರಿನ ಸುತ್ತ ನಡೆದ ಅಧ್ಯಯನವೊಂದು 2007ರಲ್ಲಿ ವಾದಿಸಿತು.

ಹಿರಿಯರು: ತಪ್ಪು ಕಾಣಿಸಿದ್ದು ಕಂಪ್ಯೂಟರಿನ ತಪ್ಪಲ್ಲ. ಮುಚ್ಚಿಕೊಂಡಿದ್ದದ್ದು ಹೊರಗೆ ಬಂತು.

ಕಿರಿಯಳು: ಹೊರಗೆ ಬಂದ ಮೇಲೆ ಅದನ್ನು ತಿದ್ದೋ ಕೆಲಸ ಯೋಜನೆಯ ಭಾಗವಾಗಿರಬೇಕಿತ್ತು. ರೈತನ ತಲೆಗೆ ಕಟ್ಟಬಾರದಿತ್ತು.

ಈ ಮಾತಿಗೆ ಹಿರಿಯರು ಉತ್ತರ ಕೊಡಲಿಲ್ಲ. ಹಳೆಯ ದಾಖಲೆಯನ್ನು ಶುದ್ಧ ಮಾಡುವ ಖರ್ಚು ಹೆಚ್ಚಿನ ಅಂದಾಜುಪಟ್ಟಿಗಳಲ್ಲಿ ಇರುವುದಿಲ್ಲ, ಖಾಸಗಿ ಸಂಸ್ಥೆಗಳಲ್ಲೂ ಇಲ್ಲ. ಆ ಬಳಿಕ ಮಾತು ಇನ್ನೂ ಕಠಿಣವಾದ ವಿಷಯಕ್ಕೆ ಹೊರಳಿತು: ಕೆಟ್ಟ ಸುದ್ದಿ ಮೇಲಕ್ಕೆ ಹೋಗದಿರುವುದು.

ಕಿರಿಯಳು: ಯೋಜನೆ ಸೋಲ್ತಾ ಇದೆ ಅಂತ ಕೆಳಗಿನವರಿಗೆ ತಿಂಗಳುಗಟ್ಟಲೆ ಮುಂಚೆ ಗೊತ್ತಿರುತ್ತೆ. ಕೋಡ್ ಬರೆಯುವವನು ಕೆಂಪು ಅಂತಾನೆ, ಅವನ ಮೇಲಿನವರು ಹಳದಿ ಅಂತ ಬರೀತಾರೆ, ನಿರ್ದೇಶಕರ ಸಭೆಗೆ ಹೋಗುವಾಗ ಹಸಿರಾಗಿರುತ್ತೆ. ಯಾರೂ ಪೂರ್ತಿ ಸುಳ್ಳು ಹೇಳಿರಲ್ಲ.

ಹಿರಿಯರು: ಹೇಳಿದವರಿಗೆ ಏನಾಗುತ್ತೆ ಅಂತಲೂ ನೋಡಿ. "ಋಣಾತ್ಮಕ ಮನೋಭಾವ" ಅಂತ ಗೌಪ್ಯ ವರದಿಯಲ್ಲಿ ಬರೀತಾರೆ.

ಕಿರಿಯಳು: ಹೇಳಿದ್ದನ್ನು ಮೇಲಿನವರು ಕೇಳದೇ ಇರೋದಕ್ಕೆ ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆಯ ಲೆಕ್ಕದ ತಂತ್ರಾಂಶ 'ಹೊರೈಜನ್' ಅತ್ಯಂತ ಕ್ರೂರ ಉದಾಹರಣೆ. ಉಪ ಅಂಚೆ ಕಚೇರಿ ನಡೆಸ್ತಿದ್ದವರ ಲೆಕ್ಕದಲ್ಲಿ ಕಂಪ್ಯೂಟರ್ ಕೊರತೆ ತೋರಿಸ್ತು. "ನಾವು ತೆಗೆದಿಲ್ಲ, ತಂತ್ರಾಂಶ ತಪ್ಪು ಲೆಕ್ಕ ಹಾಕ್ತಿದೆ" ಅಂತ ಅವರು ಹೇಳಿದರೆ ಯಾರೂ ನಂಬಲಿಲ್ಲ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಎಷ್ಟೋ ಜನ ಕೈಯಿಂದ ದುಡ್ಡು ತುಂಬಿ ದಿವಾಳಿಯಾದರು. ಅಲನ್ ಬೇಟ್ಸ್ ಮತ್ತು ಅವರ ಜೊತೆಗಾರರು ಹೂಡಿದ ದಾವೆಯಲ್ಲಿ 2019ರಲ್ಲಿ ಹೈಕೋರ್ಟ್ ತಂತ್ರಾಂಶದ ದೋಷಗಳನ್ನು ಒಪ್ಪಿತು. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡೋಕೆ 2024ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು.

ಹಿರಿಯರು: ಆ ಯೋಜನೆ ದಾಖಲೆಯಲ್ಲಿ 'ಯಶಸ್ವಿ' ಆಗಿರಬೇಕಲ್ಲ? ದೇಶದ ತುಂಬ ನಡೀತಾ ಇತ್ತಲ್ಲ.

ಕಿರಿಯಳು: ನಡೀತಾ ಇತ್ತು. ಅದಕ್ಕೇ ಯಾರೂ ಪ್ರಶ್ನೆ ಮಾಡಲಿಲ್ಲ. ನಿಂತುಹೋದ ಯೋಜನೆಗಿಂತ, ನಡೀತಾ ತಪ್ಪು ಹೇಳೋ ಯೋಜನೆ ಹೆಚ್ಚು ಜನರನ್ನು ಹಾಳು ಮಾಡಬಲ್ಲದು ಅಂತ ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ.

ಹಿರಿಯರು: ಹಾಗಾದರೆ ಉದ್ಘಾಟನೆಯಾದ ಮಾರನೇ ದಿನದಿಂದ ಅದು ಯಾರ ಕೂಸು? ನೀವು ಬಿಲ್ ಪಾಸ್ ಮಾಡಿಸಿಕೊಂಡು ಹೋಗ್ತೀರಿ. ಕಾನೂನು ಬದಲಾದಾಗ, ನಮೂನೆ ಬದಲಾದಾಗ ನಮಗೆ ಒಂದು ಸಾಲು ತಿದ್ದೋಕೆ ಬರಲ್ಲ.

ಕಿರಿಯಳು: ಸಂಸ್ಥೆಯ ಒಳಗೇ ತಿಳಿದವರು ಇರಬೇಕು. ಎಫ್‌ಬಿಐ ಎರಡನೇ ಪ್ರಯತ್ನವೂ ಗುತ್ತಿಗೆದಾರರ ಕೈಯಲ್ಲಿ ತಡವಾದಾಗ, 2010ರಲ್ಲಿ ಅದನ್ನು ತನ್ನ ಕೈಗೇ ತೆಗೆದುಕೊಂಡಿತು. ಚಿಕ್ಕ ತಂಡ, ಚಿಕ್ಕ ಚಿಕ್ಕ ಕಂತು, ಪ್ರತಿ ಕಂತನ್ನೂ ಬಳಸುವವರ ಮುಂದಿಟ್ಟು ನೋಡೋದು. 2012ರಲ್ಲಿ ಅದು ಬಳಕೆಗೆ ಬಂತು.

ಹಿರಿಯರು: ನಮ್ಮ ವೇತನ ಶ್ರೇಣಿಗೆ ನಿಮ್ಮಂಥವರು ಬಂದು ನಿಲ್ತಾರೇನಮ್ಮ? ಬಂದವರೂ ಎರಡು ವರ್ಷಕ್ಕೆ ವೈಟ್‌ಫೀಲ್ಡಿಗೆ ಹೋಗ್ತಾರೆ.

ಕಿರಿಯಳು: ಕೋಡ್ ಬರೆಯುವವರೇ ಬೇಕಿಲ್ಲ ಸರ್. ಕೆಲಸ ಗೊತ್ತಿರುವ, ತೀರ್ಮಾನ ಮಾಡುವ ಅಧಿಕಾರ ಇರುವ ನಿಮ್ಮ ಒಬ್ಬರನ್ನು ಪೂರ್ತಿ ಸಮಯಕ್ಕೆ ಕೊಡಿ. ಈಗ ಕೊಡೋದು ಹೆಚ್ಚುವರಿ ಪ್ರಭಾರದಲ್ಲಿ. ಅವರು ವಾರಕ್ಕೊಮ್ಮೆ ಸಭೆಗೆ ಬಂದು ಎದ್ದು ಹೋಗ್ತಾರೆ.

ಹಿರಿಯರು: ಒಳ್ಳೆಯ ಶಿರಸ್ತೇದಾರರನ್ನು ಬಿಟ್ಟುಕೊಟ್ಟರೆ ಅವರ ಮೇಜಿನ ಕಡತ ಯಾರು ನೋಡೋದು?

ಕಿರಿಯಳು: ಆ ಖರ್ಚೂ ಅಂದಾಜುಪಟ್ಟಿಗೆ ಬರಬೇಕು. ದಾಖಲೆ ಶುದ್ಧ ಮಾಡುವ ಖರ್ಚು, ತರಬೇತಿಯ ಖರ್ಚು, ಐದು ವರ್ಷದ ನಿರ್ವಹಣೆ, ಎಲ್ಲವೂ.

ಹಿರಿಯರು: ಅಷ್ಟೆಲ್ಲ ಬರೆದರೆ ಹಣಕಾಸು ಇಲಾಖೆಯಲ್ಲಿ ಅರ್ಧ ಯೋಜನೆಗಳಿಗೆ ಮಂಜೂರಾತಿಯೇ ಸಿಗಲ್ಲ.

ಕಿರಿಯಳು: ಸಿಗದೇ ಇರಲಿ. ಶುರುವಾಗದ ಯೋಜನೆಯಿಂದ ಯಾರಿಗೂ ನಷ್ಟವಿಲ್ಲ.

ಹಿರಿಯರು: ಇದನ್ನು ಮಾತ್ರ ನಾನು ಒಪ್ಪಲ್ಲ. 1991ರದ್ದು ಶುರುವಾಗದಿದ್ದರೆ, ಯಂತ್ರ ತಾಲ್ಲೂಕಿನಲ್ಲಿ ಇರಬೇಕು ಅಂತ ನಮಗೆ ತಿಳೀತಿರಲಿಲ್ಲ. ಕಡಿಮೆ ಬರೆದು ಶುರು ಮಾಡಿದ ಕೆಲಸ ಅದು. ಅದರ ಮೇಲೆಯೇ 'ಭೂಮಿ' ನಿಂತದ್ದು.

ಕಿರಿಯಳು: ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಿದ್ದರೂ ಅಷ್ಟು ತಿಳೀತಿತ್ತು ಸರ್. ಎಲ್ಲ ಜಿಲ್ಲೆಗಳಿಗೂ ಮಂಜೂರು ಮಾಡಬೇಕಿರಲಿಲ್ಲ.

ಹಿರಿಯರು: ಒಂದು ತಾಲ್ಲೂಕಿಗೆ ಅಂತ ಕೇಳಿದರೆ ಕಡತ ವರ್ಷಗಟ್ಟಲೆ ಮಲಗುತ್ತೆ. ರಾಜ್ಯಕ್ಕೆಲ್ಲ ಅಂದರೆ ಒಂದೇ ತಿಂಗಳಲ್ಲಿ ಸಹಿ ಆಗುತ್ತೆ. ಇದಕ್ಕೆ ನಿಮ್ಮ ಹತ್ತಿರ ದಾರಿ ಇದ್ದರೆ ಹೇಳಿ.

ಕಿರಿಯಳು: ಇದ್ದಿದ್ದರೆ ಕಳೆದ ವಾರವೇ ಒಂದು ಸಂಸ್ಥೆಯವರಿಗೆ ಹೇಳ್ತಿದ್ದೆ. ಮೂರು ಶಾಖೆಗಳಲ್ಲಿ ಶುರು ಮಾಡೋಣ ಅಂದೆ. ನಾನೂರು ಶಾಖೆಗಳಲ್ಲೂ ಒಂದೇ ದಿನ ಆಗಬೇಕು ಅಂದರು.